ತಿಗುರಿಯ ಬೋಗುಣಿಯೂ ಪ್ಲಾಸ್ಟರಿನ ಅಚ್ಚೂ

ತರ್ಕಶಾಸ್ತ್ರದ ಪಾಠಕ್ಕೆ ಕುಳಿತ ವಿದ್ಯಾರ್ಥಿಗೆ ಮೊದಮೊದಲೇ ಪರಿಚಯವಾಗುವ ವಸ್ತು ಘಟ, ಎಂದರೆ ಮಡಕೆ. ಕಾರ್ಯಕಾರಣಭಾವವನ್ನು ಬೋಧಿಸುವಾಗ ಶಾಸ್ತ್ರಕಾರರು ಮರಳಿ ಮರಳಿ ಕುಂಬಾರನ ಅಂಗಳಕ್ಕೇ ಹೋಗುತ್ತಾರೆ. ಘಟದ ಅವಯವಗಳಾದ ಕಪಾಲಗಳು ಸಮವಾಯಿಕಾರಣ. ಅವುಗಳ ಕೂಡುವಿಕೆ ಅಸಮವಾಯಿಕಾರಣ. ದಂಡ, ಚಕ್ರ, ಕುಲಾಲ ಇವು ನಿಮಿತ್ತಕಾರಣ. ಹಾಗಾದರೆ ಮಣ್ಣನ್ನು ಹೊತ್ತು ತಂದ ಕತ್ತೆಯ ಗತಿಯೇನು? ಅದು ಅನ್ಯಥಾಸಿದ್ಧ, ಕಾರಣಗಳ ಸಾಲಿಗೆ ಸೇರದು ಎಂದು ಉತ್ತರ. ಬೆನ್ನು ಬಾಗುವಷ್ಟು ಹೊರೆ ಹೊತ್ತ ಪ್ರಾಣಿಯ ಮೇಲೆ ಶಾಸ್ತ್ರವು ತೋರಿದ ಈ ನಿಷ್ಠುರತೆಯನ್ನು ಕಂಡು ನಗದ ವಿದ್ಯಾರ್ಥಿ ವಿರಳ.

ಆ ತಾರ್ಕಿಕರು ತಮ್ಮ ಕಾಲದ ಕುಂಬಾರನ ಅಂಗಳದಲ್ಲಿ ಕಾಣದ ಒಂದು ವಸ್ತು ಇಂದು ಮಡಕೆ ಮಾಡುವವರ ಕೋಣೆಯನ್ನು ಹೊಕ್ಕು ಕುಳಿತಿದೆ. ಅದು ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಬಿಳಿಯ ಪುಡಿ. ಹಸಿಯ ಮಣ್ಣಿಗೆ ಆಕಾರವನ್ನು ಕೊಡುವುದು, ಅದರ ನೀರನ್ನು ಹೀರಿ ಹದಕ್ಕೆ ತರುವುದು, ಒಂದೇ ಅಳತೆಯ ಆರು ಬೋಗುಣಿಗಳು ಬೇಕಾದಾಗ ಆರನ್ನೂ ಒಂದೇ ಅಳತೆಗೆ ನಿಲ್ಲಿಸುವುದು, ಇವೆಲ್ಲ ಅದರ ಕೆಲಸ. ಇದು ಯಾವ ಕಾರಣ? ನಿಸ್ಸಂದೇಹವಾಗಿ ನಿಮಿತ್ತಕಾರಣ. ಆದರೆ ದಂಡಚಕ್ರಗಳಿಗಿಲ್ಲದ ಒಂದು ಅಪಾಯ ಇದಕ್ಕುಂಟು. ದಂಡವು ಮುರಿದು ಮಣ್ಣಿನೊಳಗೆ ಸೇರಿದರೆ ಆ ಕಡ್ಡಿ ಬೆಂಕಿಯಲ್ಲಿ ಸುಟ್ಟುಹೋದೀತು. ಪ್ಲಾಸ್ಟರಿನ ಹರಳೊಂದು ಮಣ್ಣಿನೊಳಗೆ ಸೇರಿದರೆ ಅದು ಸುಟ್ಟುಹೋಗುವುದಿಲ್ಲ; ಬೋಗುಣಿಯ ಮೈಯೊಳಗೆ ಅಡಗಿ ಕುಳಿತು, ಸುಟ್ಟು ಮೆರುಗೇರಿ ಅಡುಗೆಮನೆಯನ್ನು ಸೇರಿದ ಮೇಲೆ ಒಂದು ದಿನ ಆ ಮೈಯನ್ನು ಸಿಡಿಸುತ್ತದೆ. ನಿಮಿತ್ತವಾಗಿರಬೇಕಾದುದು ಉಪಾದಾನದಲ್ಲಿ ಬೆರೆಯದಂತೆ ಕಾಯುವುದೇ ಪ್ಲಾಸ್ಟರಿನೊಡನೆ ದುಡಿಯುವವನು ಕಲಿಯಬೇಕಾದ ಮುಖ್ಯ ಪಾಠ. ಮಿಕ್ಕ ಕೌಶಲವೆಲ್ಲ ಅದರ ಸುತ್ತ ಬೆಳೆಯುವಂಥದು.

ಮೊದಲು ಕೆಲವು ಶಬ್ದಗಳ ವಿಚಾರ. ಸಂಸ್ಕೃತದ ಕುಂಭಕಾರ ಶಬ್ದದ ತದ್ಭವ ಕುಂಬಾರ ಎಂಬುದು ವ್ಯಾಕರಣದ ಪ್ರಥಮ ಪಾಠಗಳಲ್ಲಿಯೇ ಬರುತ್ತದೆ. ಆದರೆ ಅವನ ಚಕ್ರಕ್ಕೆ ಕನ್ನಡವು ತನ್ನದೇ ಆದ ಹೆಸರನ್ನು ಉಳಿಸಿಕೊಂಡಿದೆ: ತಿಗುರಿ. ತಿರುಗು ಎಂಬ ಧಾತುವಿನ ನಂಟು ಅದರಲ್ಲಿ ಕಿವಿಗೇ ಕೇಳಿಸುತ್ತದೆ. ಅಗಲಬಾಯಿಯ, ಆಳ ಕಡಮೆಯಾದ ಪಾತ್ರೆಗೆ ಬೋಗುಣಿ ಎಂಬ ಸೊಗಸಾದ ಪದವಿದೆ. ಇಂಗ್ಲಿಷಿನ ಪದವನ್ನು ಎರವಲು ತರುವ ಅಗತ್ಯವಿಲ್ಲ. ಪ್ಲಾಸ್ಟರಿಗೆ ಮಾತ್ರ ಕನ್ನಡದಲ್ಲಿ ಒಪ್ಪುವ ಹೆಸರಿಲ್ಲ. ಗಾರೆ ಎಂದರೆ ಸುಣ್ಣ ಮರಳುಗಳ ಮಿಶ್ರಣ. ಅದು ಬೇರೆ, ಇದು ಬೇರೆ. ಆದುದರಿಂದ ಬಂದ ಹೆಸರಿನಿಂದಲೇ ಅದನ್ನು ಕರೆಯುವುದು ಲೇಸು.

ಬಂದ ಹೆಸರು ಪರದೇಶದ್ದಾದರೂ ವಸ್ತುವು ಹಳೆಯದು. ಇದರ ಮೂಲ ಜಿಪ್ಸಂ ಎಂಬ ಖನಿಜ. ಆಯುರ್ವೇದದಲ್ಲಿ ಗೋದಂತಿ ಎಂದು ಹೆಸರಾದ, ಹಸುವಿನ ಹಲ್ಲನ್ನು ನೆನಪಿಗೆ ತರುವ ಬಿಳಿಯ ಕಲ್ಲು ಇದೇ. ಭಾರತದಲ್ಲಿ ಇದರ ಬಹುಪಾಲು ರಾಜಸ್ಥಾನದ ಗಣಿಗಳಿಂದ ಬರುತ್ತದೆ. ಈಜಿಪ್ಟಿನ ಪಿರಮಿಡ್ಡುಗಳ ಕಲ್ಲುಗಳ ನಡುವೆ ಇದನ್ನು ಸುಟ್ಟು ಮಾಡಿದ ಗಾರೆಯುಂಟು. ಪ್ಯಾರಿಸ್ ನಗರದ ಮಾಂಮಾರ್ತ್ರ್ ಗುಡ್ಡದಲ್ಲಿ ಈ ಖನಿಜವನ್ನು ಹೇರಳವಾಗಿ ತೋಡುತ್ತಿದ್ದುದರಿಂದ ಪುಡಿಗೆ ಆ ನಗರದ ಹೆಸರು ಅಂಟಿತು. ಕನ್ನಡಿಗರಿಗೆ ಇದು ಮುರಿದ ಕೈಕಾಲಿಗೆ ಆಸ್ಪತ್ರೆಯಲ್ಲಿ ಹಾಕುವ ಕಟ್ಟಿನಿಂದ ಪರಿಚಿತ. ಗಣೇಶನ ಹಬ್ಬದ ಮೂರ್ತಿಗಳಿಂದ ಅದಕ್ಕಿಂತಲೂ ಹೆಚ್ಚು ಪರಿಚಿತ. ಕೆರೆಯಲ್ಲಿ ಬೇಗ ಕರಗದ ಆ ಮೂರ್ತಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ದೇವರ ಮೂರ್ತಿಗೆ ಜೇಡಿಮಣ್ಣೇ ಯೋಗ್ಯವೆಂಬ ಹಿರಿಯರ ನಡವಳಿಕೆಗೆ ವಿಜ್ಞಾನವೂ ಹೀಗೆ ಸಾಕ್ಷಿ ನುಡಿಯಿತು. ಮಣ್ಣಿಗೆ ಒಡೆಯನಾಗಲು ಹೋಗಿ ಕೆಟ್ಟ ಪ್ಲಾಸ್ಟರು, ಮಣ್ಣಿಗೆ ಆಳಾಗಿ ನಿಂತರೆ ಎಷ್ಟು ಉಪಕಾರಿ ಎಂಬುದನ್ನು ಮುಂದೆ ನೋಡಬಹುದು.

ಜಿಪ್ಸಂ ಕಲ್ಲಿನ ಪ್ರತಿಯೊಂದು ಅಣುವಿಗೂ ಎರಡು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಅದನ್ನು ಸುಮಾರು ೧೫೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಉಳಿಯುವುದೇ ಪ್ಲಾಸ್ಟರಿನ ಪುಡಿ. ಈ ಪುಡಿಗೆ ನೀರು ಸೋಕಿದೊಡನೆ ಕಳೆದುಕೊಂಡುದನ್ನು ಅದು ಮರಳಿ ಪಡೆಯುತ್ತದೆ. ಸೂಜಿಯಂಥ ಹರಳುಗಳು ಹುಟ್ಟಿ, ಒಂದರೊಳಗೊಂದು ಹೆಣೆದುಕೊಂಡು, ಬಿಸಿಯನ್ನು ಹೊರಸೂಸುತ್ತ ಗಟ್ಟಿಯಾಗುತ್ತದೆ. ಕಲ್ಲು ಪುಡಿಯಾಗಿ, ಪುಡಿ ಮತ್ತೆ ಕಲ್ಲಾಯಿತು.

ಇಲ್ಲಿ ಒಂದು ಲೆಕ್ಕವಿದೆ. ಪ್ಲಾಸ್ಟರಿನ ಸ್ವಭಾವವೆಲ್ಲ ಆ ಲೆಕ್ಕದಲ್ಲಿ ಅಡಗಿದೆ. ಒಂದು ಕಿಲೋಗ್ರಾಂ ಪುಡಿಯು ಕಲ್ಲಾಗಲು ರಸಾಯನದೃಷ್ಟಿಯಿಂದ ಬೇಕಾದ ನೀರು ೧೮೬ ಗ್ರಾಂ ಮಾತ್ರ. ಆದರೆ ಅಷ್ಟೇ ನೀರು ಹಾಕಿದರೆ ಅದು ಎರೆಯಲು ಬಾರದ ಮುದ್ದೆಯಾಗುತ್ತದೆ. ಕುಂಬಾರಿಕೆಯ ಅಚ್ಚಿಗೆ ಸಾಮಾನ್ಯವಾಗಿ ಒಂದು ಕಿಲೋಗ್ರಾಂ ಪುಡಿಗೆ ೭೦೦ ಗ್ರಾಂ ನೀರು ಸೇರಿಸುತ್ತಾರೆ. ಎಂದ ಮೇಲೆ ಐನೂರು ಗ್ರಾಮಿಗಿಂತ ಹೆಚ್ಚು ನೀರು ಹರಳುಗಳ ಹೆಣಿಗೆಯ ನಡುವೆ ಸುಮ್ಮನೆ ನಿಂತಿರುತ್ತದೆ; ಅಚ್ಚು ಒಣಗಿದಂತೆ ಅದು ಆವಿಯಾಗಿ ಹೋಗುತ್ತದೆ. ಅದು ಹೋದ ಜಾಗ ಖಾಲಿ. ಕಣ್ಣಿಗೆ ಕಲ್ಲಿನಂತೆ ಕಾಣುವ ಒಣಗಿದ ಪ್ಲಾಸ್ಟರಿನ ಗಟ್ಟಿಯಲ್ಲಿ ಹೆಚ್ಚು ಕಡಮೆ ಅರ್ಧ ಭಾಗ ಬಯಲು! ಹಸಿಮಣ್ಣು ತಾಗಿದ ಕೂಡಲೇ ಈ ಬಯಲು ನೀರನ್ನು ಒಳಗೆಳೆಯುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ. ನೀರು ಹೆಚ್ಚು ಹಾಕಿ ಮಾಡಿದ ಅಚ್ಚು ಹೆಚ್ಚು ಹೀರುತ್ತದೆ, ಆದರೆ ಮೆದುವಾಗಿ ಬೇಗ ಸವೆಯುತ್ತದೆ; ಕಡಮೆ ಹಾಕಿದುದು ಗಟ್ಟಿ, ಆದರೆ ಹೀರಲಾರದು. ಕಣ್ಣಳತೆಯಲ್ಲಿ ಪುಡಿ ಸುರಿಯುವ ಅಭ್ಯಾಸದವರು ಎರಡು ಅಚ್ಚುಗಳು ಒಂದೇ ಬಗೆಯಲ್ಲಿ ನಡೆದುಕೊಳ್ಳುವುದಿಲ್ಲವೆಂದು ಪೇಚಾಡುವುದುಂಟು. ತಕ್ಕಡಿಯನ್ನು ಕೊಂಡರೆ ಆ ಪೇಚಾಟ ತಪ್ಪುತ್ತದೆ.

ನೀರು ಕುಡಿಯುವ ಅಚ್ಚು ಎಂಬ ಕಲ್ಪನೆ ಪ್ಲಾಸ್ಟರಿನಿಂದ ಹುಟ್ಟಿದುದಲ್ಲ. ಕ್ರಿಸ್ತಶಕದ ಆರಂಭದ ಸುಮಾರಿಗೆ ಇಟಲಿಯ ಅರೆತ್ಸೊ ಪಟ್ಟಣದ ಕುಂಬಾರರು ಒಳಮೈಯಲ್ಲಿ ಚಿತ್ರಗಳನ್ನು ಒತ್ತಿದ, ಸುಟ್ಟ ಮಣ್ಣಿನ ಕುಳಿಯಚ್ಚುಗಳನ್ನು ತಿಗುರಿಯ ನಡುವೆ ಕೂಡಿಸಿ, ಅದರೊಳಗೆ ಹಸಿಮಣ್ಣನ್ನು ಒತ್ತಿ, ತಿಗುರಿಯನ್ನು ತಿರುಗಿಸುತ್ತ ಬೋಗುಣಿಯ ಒಳಮೈಯನ್ನೂ ಬಾಯಂಚನ್ನೂ ಎಬ್ಬಿಸುತ್ತಿದ್ದರು. ಸುಟ್ಟ ಮಣ್ಣು ನೀರನ್ನು ಹೀರುತ್ತಿತ್ತು, ಒಣಗಿದ ಬೋಗುಣಿ ಕುಗ್ಗಿ ಅಚ್ಚಿನಿಂದ ತಾನಾಗಿ ಬಿಡುತ್ತಿತ್ತು, ಹೊರಮೈಯಲ್ಲಿ ಚಿತ್ರಗಳು ಉಬ್ಬಿ ನಿಲ್ಲುತ್ತಿದ್ದವು. ಅರೆತ್ಸೊ ಬಗೆಯ ಕೆಂಪು ಪಾತ್ರೆಗಳ ಚೂರುಗಳು ೧೯೪೫ರಲ್ಲಿ ಮಾರ್ಟಿಮರ್ ವ್ಹೀಲರ್ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ನಡೆಸಿದ ಅಗೆತದಲ್ಲಿ ದೊರೆತವು. ಅರಿಕಮೇಡುವಿನಲ್ಲಿ ದೊರೆತ ಉರುಳುಗೆರೆಗಳ ಇನ್ನೊಂದು ಜಾತಿಯ ಪಾತ್ರೆಯ ಚೂರುಗಳೇ ಅದೇ ವಿದ್ವಾಂಸನಿಗೆ ೧೯೪೭ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಕಾಲನಿರ್ಣಯದ ಆಧಾರಗಳಾದವು. ಅಶೋಕನ ಶಾಸನದ ನೆಲದಲ್ಲಿ ಮಡಕೆಯ ಚೂರು ಕಾಲವನ್ನು ನುಡಿದದ್ದು ಚರಿತ್ರೆಯ ವಿದ್ಯಾರ್ಥಿಗಳು ಓದಲೇಬೇಕಾದ ಬೇರೆಯ ಅಧ್ಯಾಯ. ಚೀನಾದ ಕುಂಬಾರರು ಇದನ್ನೇ ತಿರುಗು ಮುರುಗು ಮಾಡಿದರು: ಸೋಂಗ್ ಅರಸರ ಕಾಲದಲ್ಲಿ ತಿಗುರಿಯ ಮೇಲೆ ಎಬ್ಬಿಸಿದ ಬೋಗುಣಿಯನ್ನು ಚಿತ್ರ ಕೊರೆದ ಉಬ್ಬಿನ ಅಚ್ಚಿನ ಮೇಲೆ ಬೋರಲಾಗಿ ಒತ್ತಿ, ಒಳಮೈಯಲ್ಲಿ ಹೂಬಳ್ಳಿಗಳನ್ನು ಮೂಡಿಸಿದರು. ಸುಟ್ಟ ಮಣ್ಣಿನ ಜಾಗಕ್ಕೆ ಪ್ಲಾಸ್ಟರು ಬಂದುದು ಬಹಳ ಈಚೆಗೆ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಕುಂಬಾರರಲ್ಲಿ ಅದು ಬಳಕೆಗೆ ಬಂದು ಕಾರ್ಖಾನೆಗಳ ಆಧಾರಸ್ತಂಭವಾಯಿತು.

ಕಾರ್ಖಾನೆಯಿಂದ ಮನೆಗೆ ಅದು ಬಂದುದು ಇಪ್ಪತ್ತನೆಯ ಶತಮಾನದಲ್ಲಿ, ಒಬ್ಬನೇ ಕಲಾವಿದ ಮಣ್ಣಿನಿಂದ ಮೆರುಗಿನವರೆಗೆ ಎಲ್ಲವನ್ನೂ ತಾನೇ ಮಾಡುವ ಪದ್ಧತಿ ಬೆಳೆದಾಗ. ೧೯೨೦ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾದಾ ತೆರೆದ ಕುಂಬಾರಶಾಲೆ ಈ ಪದ್ಧತಿಗೆ ಮೇಲ್ಪಂಕ್ತಿ. ೧೯೭೧ರಲ್ಲಿ ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಸ್ಥಾಪಿಸಿದ ಗೋಲ್ಡನ್ ಬ್ರಿಡ್ಜ್ ಕುಂಬಾರಶಾಲೆಯಿಂದ ದಕ್ಷಿಣ ಭಾರತದಲ್ಲಿ ಅನೇಕರು ಈ ವಿದ್ಯೆಯನ್ನು ಕಲಿತರು. ಇಂದು ಬೆಂಗಳೂರಿನಂಥ ನಗರಗಳಲ್ಲಿ ಮನೆಯ ಒಂದು ಕೋಣೆಯಲ್ಲಿಯೋ ಮಾಳಿಗೆಯ ಮೇಲೆಯೋ ವಿದ್ಯುತ್ತಿನಿಂದ ತಿರುಗುವ ತಿಗುರಿಯನ್ನೂ ಸಣ್ಣ ವಿದ್ಯುತ್ ಕುಲುಮೆಯನ್ನೂ ಇಟ್ಟುಕೊಂಡು ಬೋಗುಣಿ ಮಾಡುವವರು ಅಪರೂಪವಲ್ಲ. ಅಂಥ ಕೋಣೆಯಲ್ಲಿ ಪ್ಲಾಸ್ಟರಿನ ಕೆಲಸ ಹೇಗೆ ನಡೆಯುತ್ತದೆ?

ಕಲಸುವ ಕ್ರಮವನ್ನು ಮೊದಲು ತಿಳಿಯಬೇಕು. ಪುಡಿಗೆ ನೀರು ಹಾಕಕೂಡದು. ನೀರಿಗೆ ಪುಡಿ ಹಾಕಬೇಕು. ರಾಗಿಯ ಹಿಟ್ಟನ್ನು ಎಸರಿಗೆ ಹಾಕುವ ತಾಯಂದಿರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಅಳೆದ ನೀರಿನ ಮೇಲೆ ತೂಗಿದ ಪುಡಿಯನ್ನು ಬೆರಳ ಸಂದಿಯಿಂದ ಉದುರಿಸುತ್ತ ಹೋದರೆ ಮೊದಮೊದಲು ಅದು ಮುಳುಗುತ್ತದೆ. ಕೊನೆಗೆ ನೀರಿನ ಮೇಲೆ ಸಣ್ಣ ಸಣ್ಣ ನಡುಗಡ್ಡೆಗಳಾಗಿ ನಿಲ್ಲುತ್ತದೆ. ಒಂದೆರಡು ನಿಮಿಷ ಅದನ್ನು ಮುಟ್ಟದೆ ಬಿಡಬೇಕು, ಪುಡಿ ತಾನಾಗಿ ನೆನೆಯಲಿ. ಬಳಿಕ ಗಾಳಿ ಸೇರದಂತೆ ಅಡಿಯಿಂದ ಮೆಲ್ಲನೆ ತಿರುವಬೇಕು. ಕೆನೆಯಂತೆ ದಪ್ಪವಾಗಿ, ಬೆರಳಾಡಿಸಿದ ಗೆರೆ ಕ್ಷಣಹೊತ್ತು ನಿಂತು ಮಾಯವಾಗುವ ಹದ ಬಂದಾಗ ಎರೆಯಬೇಕು. ಆ ಹದ ಮೀರಿದರೆ ಅದು ಎಸೆಯುವುದಕ್ಕಷ್ಟೇ ಯೋಗ್ಯ. ನೀರು ಬೆರೆಸಿ ತೆಳ್ಳಗೆ ಮಾಡಿ ಉಳಿಸಿಕೊಳ್ಳುವ ಆಸೆ ವ್ಯರ್ಥ. ಹೆಣೆಯತೊಡಗಿದ ಹರಳುಗಳನ್ನು ಕಲಕಿ ಮುರಿದ ಮೇಲೆ ಅವು ಹಿಂದಿನಂತೆ ಹೆಣೆಯುವುದಿಲ್ಲ. ಒಂದು ಕಿಲೋಗ್ರಾಂ ಪುಡಿ ಮತ್ತು ೭೦೦ ಗ್ರಾಂ ನೀರು ಸೇರಿ ಒಂದು ಲೀಟರಿಗಿಂತ ತುಸು ಹೆಚ್ಚು ಕೆನೆಯಾಗುತ್ತದೆ. ಒಂದು ಲೀಟರು ಹಿಡಿಯುವ ಬೋಗುಣಿಯ ಒಳಗನ್ನು ತುಂಬಲು ಅಷ್ಟು ಸಾಕು.

ಈಗ ಬೋಗುಣಿಯ ಮಾತು. ತಿಗುರಿಯ ಮೇಲೆ ಎಬ್ಬಿಸಿದ ಬೋಗುಣಿಗೆ ಪ್ಲಾಸ್ಟರಿನ ನೆರವು ಮೊದಲು ದೊರೆಯುವುದು ಅಡಿಯಿಂದ. ಎರಡು ಬೆರಳ ದಪ್ಪದ ಪ್ಲಾಸ್ಟರಿನ ಬಿಲ್ಲೆಯೊಂದನ್ನು ತಿಗುರಿಗೆ ಭದ್ರವಾಗಿ ಕೂಡಿಸಿ ಅದರ ಮೇಲೆ ಮಣ್ಣನ್ನು ನಡುವಿಗೆ ತಂದು ಬೋಗುಣಿ ಎಬ್ಬಿಸುತ್ತಾರೆ. ಕೆಲಸ ಮುಗಿದ ಮೇಲೆ ಹಸಿಯ ಬೋಗುಣಿಯನ್ನು ಮುಟ್ಟುವ ಕೆಲಸವಿಲ್ಲ. ಬಿಲ್ಲೆಯ ಸಮೇತ ಎತ್ತಿಟ್ಟರಾಯಿತು. ಅಡಿಯ ನೀರನ್ನು ಬಿಲ್ಲೆ ಕುಡಿಯುತ್ತದೆ, ಕೆಲವು ಗಂಟೆಗಳಲ್ಲಿ ಬೋಗುಣಿ ತಾನಾಗಿ ಬಿಡುತ್ತದೆ, ತಂತಿಯಿಂದ ಕೊಯ್ಯುವ ಅಗತ್ಯವೂ ಬಾರದು. ಹಸಿಗೈಯಲ್ಲಿ ಎತ್ತಿದ ಬೋಗುಣಿಯ ಬಾಯಿ ಸೊಟ್ಟಗಾಗುವುದನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದು ತಿಳಿದೀತು. ಒಂದು ಎಚ್ಚರವಿರಲಿ: ಬಾಯಂಚು ಗಾಳಿಗೆ, ಅಡಿ ಬಿಲ್ಲೆಗೆ, ಹೀಗೆ ಎರಡು ಕಡೆಯಿಂದ ಒಣಗುವಾಗ ಅಡಿಯು ಬೇಗನೆ ಗಟ್ಟಿಯಾಗಿ, ಅಡಿ ಕೆತ್ತುವ ಹದ ತಪ್ಪಿಹೋಗುವುದುಂಟು.

ಇದಕ್ಕಿಂತ ಸ್ವಾರಸ್ಯವಾದುದು ಬೋಗುಣಿಯಿಂದ ಅಚ್ಚನ್ನೂ ಅಚ್ಚಿನಿಂದ ಬೋಗುಣಿಯನ್ನೂ ಪಡೆಯುವ ಕ್ರಮ. ಮೊದಲು ತಿಗುರಿಯ ಮೇಲೆ ಒಂದು ಬೋಗುಣಿಯನ್ನು ಮನಸ್ಸಿಗೊಪ್ಪುವಂತೆ ಎಬ್ಬಿಸಿ, ಒಳಮೈಯನ್ನು ನುಣುಪು ಮಾಡಿ, ತೊಗಲಿನಂತೆ ಬಿಗಿಯಾಗುವ ಹದಕ್ಕೆ ಬಿಡುತ್ತಾರೆ. ಅದರೊಳಗೆ ಪ್ಲಾಸ್ಟರಿನ ಕೆನೆಯನ್ನು ತುಂಬುತ್ತಾರೆ. ಅರ್ಧ ಗಂಟೆಯಲ್ಲಿ ಅದು ಬಿಸಿಯೇರಿ ಗಟ್ಟಿಯಾಗಿ ಆರತೊಡಗುತ್ತದೆ. ಆರಿದ ಮೇಲೆ ಮೇಲಿನ ಮಣ್ಣನ್ನು ಸುಲಿದರೆ ಒಳಗಿನಿಂದ ಹೊರಬರುವುದು ಬೋಗುಣಿಯ ಬಯಲೇ ಗಟ್ಟಿಯಾದಂಥ ಒಂದು ಉಬ್ಬು. ಇದನ್ನು ಉಬ್ಬಚ್ಚು ಎನ್ನೋಣ. ಹಸಿಮಣ್ಣಿಗೂ ಪ್ಲಾಸ್ಟರಿಗೂ ನಡುವೆ ಎಣ್ಣೆ ಸಾಬೂನುಗಳ ಲೇಪ ಬೇಕಿಲ್ಲ, ಮಣ್ಣೇ ಬಿಡುತ್ತದೆ. ಪ್ಲಾಸ್ಟರಿನ ಮೇಲೆ ಪ್ಲಾಸ್ಟರು ಎರೆಯುವಾಗ ಮಾತ್ರ ಮೆದುಸಾಬೂನನ್ನು ನಾಲ್ಕಾರು ಬಾರಿ ಸವರಿ ಒರೆಸದಿದ್ದರೆ ಎರಡೂ ಒಂದಾಗಿ, ಸುತ್ತಿಗೆಯೇ ಗತಿಯಾಗುತ್ತದೆ. ಬಾಯಿ ಅಗಲವಾಗಿ ಅಡಿಯ ಕಡೆಗೆ ಕಿರಿದಾಗುವ ಬೋಗುಣಿಯೇ ಅಚ್ಚಿಗೆ ಯೋಗ್ಯ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಗಡಿಗೆಯ ಒಳಗನ್ನು ಹೀಗೆ ತುಂಬಿ ಅಚ್ಚು ಮಾಡಿದರೆ, ಆ ಅಚ್ಚಿನ ಮೇಲೆ ಮುಂದೆ ಕೂಡಿಸಿದ ಪಾತ್ರೆ ಈಚೆಗೆ ಬರುವ ದಾರಿಯನ್ನೇ ಕಾಣದು.

ಅಚ್ಚು ಚೆನ್ನಾಗಿ ಒಣಗಿದ ಮೇಲೆ ಅದರ ಮೇಲೆ ಹೊಸ ಬೋಗುಣಿಗಳ ಕೆಲಸ. ತಿಗುರಿಯ ಮೇಲೆ ಬೇಕಾದುದಕ್ಕಿಂತ ತುಸು ಚಿಕ್ಕದಾಗಿ, ತುಸು ದಪ್ಪವಾಗಿ ಎಬ್ಬಿಸಿದ ಬೋಗುಣಿಯು ಕೊಂಚ ಬಿಗಿದಾಗ ಅದನ್ನು ಉಬ್ಬಚ್ಚಿನ ಮೇಲೆ ಬೋರಲಿಟ್ಟು, ಸಣ್ಣ ಹಲಗೆಯಿಂದ ಅಡಿಯಿಂದ ಅಂಚಿನ ಕಡೆಗೆ ಮೆಲ್ಲನೆ ತಟ್ಟುತ್ತಾರೆ. ಒಳಮೈ ಅಚ್ಚಿನ ಮೈಯನ್ನು ಹೊಂದಿಕೊಳ್ಳುತ್ತದೆ. ಆರು ಮಾಡಿದರೆ ಆರಕ್ಕೂ ಒಂದೇ ಒಳಗು. ಒಂದರೊಳಗೊಂದು ಚೊಕ್ಕವಾಗಿ ಕೂಡುತ್ತವೆ.

ಇಲ್ಲಿ ಕೆಲವರು ಮೂಗು ಮುರಿಯುತ್ತಾರೆ. ತಿಗುರಿಯಲ್ಲಿ ಹುಟ್ಟಿದ ಬೋಗುಣಿಯ ಒಳಗೆ ಬೆರಳಿನ ಸುರುಳಿಗೆರೆಗಳಿರುತ್ತವೆ, ಅವೇ ಅದರ ಜೀವ, ಅಚ್ಚು ಅವನ್ನು ಅಳಿಸಿಬಿಡುತ್ತದೆ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ; ಸುರುಳಿಗೆರೆ ಅಳಿಯುವುದು ನಿಜ. ಆದರೆ ಶುದ್ಧ ತಿಗುರಿಯ ಹೆಸರಿನಲ್ಲಿ ವಾದಿಸುವವರು ಕನ್ನಡ ನಾಡಿನ ಕುಂಬಾರನ ಕೆಲಸವನ್ನು ಒಮ್ಮೆ ಕುಳಿತು ನೋಡುವುದು ಒಳ್ಳೆಯದು. ಅವನ ದೊಡ್ಡ ಮಡಕೆ ತಿಗುರಿಯಿಂದ ಇಳಿಯುವಾಗ ಇನ್ನೂ ಮಡಕೆಯಾಗಿರುವುದಿಲ್ಲ. ಕಂಠವೊಂದು ಸಿದ್ಧವಾಗಿರುತ್ತದೆ, ಮೈ ದಪ್ಪವಾಗಿ ಮೊಟಕಾಗಿರುತ್ತದೆ. ಅದು ಹದಕ್ಕೆ ಬಂದ ಮೇಲೆ ಒಳಗೆ ದುಂಡುಗಲ್ಲನ್ನು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಮೈಯನ್ನು ತೆಳ್ಳಗೆ ಮಾಡಿ, ಹೊಟ್ಟೆಯನ್ನು ಬೆಳೆಸಿ, ಅಡಿಯನ್ನು ಮುಚ್ಚುತ್ತಾನೆ. ಅಂಟದಿರಲೆಂದು ಬೂದಿಯನ್ನು ಸವರುತ್ತಾನೆ. ಒಳಗಿನ ಆ ದುಂಡುಗಲ್ಲು ಏನು? ಕೈಯಲ್ಲಿ ಹಿಡಿದ ಉಬ್ಬಚ್ಚೇ. ಮನೆಯ ಕುಂಬಾರಶಾಲೆಯ ಪ್ಲಾಸ್ಟರಿನ ಉಬ್ಬು ಅದಕ್ಕಿಂತ ದೊಡ್ಡದು, ನೀರು ಕುಡಿಯಬಲ್ಲದು, ಕದಲದೆ ನಿಂತಿರುತ್ತದೆ, ಅಷ್ಟೇ ವ್ಯತ್ಯಾಸ. ಹೀಗೆ ತಿಗುರಿ ಎಬ್ಬಿಸುವುದು, ಹಲಗೆ ತೀರಿಸುವುದು ಎಂಬ ಎರಡು ಹಂತದ ಸಂಪ್ರದಾಯ ಈ ನೆಲಕ್ಕೆ ಹೊಸತಲ್ಲ.

ಉಬ್ಬಚ್ಚಿನ ವಿಷಯದಲ್ಲಿ ತಿಳಿದಿರಲೇಬೇಕಾದ ಸಂಗತಿ ಒಂದುಂಟು. ಮಣ್ಣು ಒಣಗುವಾಗ ಕುಗ್ಗುತ್ತದೆ, ಅಚ್ಚು ಕುಗ್ಗುವುದಿಲ್ಲ. ಸಾಮಾನ್ಯವಾದ ಮಣ್ಣು ಒಣಗುವಷ್ಟರಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಕಿರಿದಾಗುತ್ತದೆ. ೧೮ ಸೆಂಟಿಮೀಟರ್ ಬಾಯಿಯ ಬೋಗುಣಿ ನೂರಕ್ಕೆ ಆರರಂತೆ ಕುಗ್ಗಿದರೆ ಒಂದು ಸೆಂಟಿಮೀಟರಿಗೂ ಮಿಗಿಲಾಗಿ ಕಿರಿದಾಗಬೇಕು. ಒಳಗೆ ಕಲ್ಲಿನಂಥ ಉಬ್ಬು ಕುಳಿತಿದ್ದರೆ ಎಲ್ಲಿಗೆ ಕುಗ್ಗೀತು? ಬಿರಿಯುವುದೊಂದೇ ದಾರಿ. ಆದಕಾರಣ ಉಬ್ಬಚ್ಚಿನ ಮೇಲೆ ಬೋಗುಣಿಯನ್ನು ರಾತ್ರಿ ಇಟ್ಟು ಬೆಳಿಗ್ಗೆ ನೋಡುವ ಅಭ್ಯಾಸ ಸಲ್ಲದು. ತನ್ನ ಆಕಾರವನ್ನು ತಾನು ಹೊರಬಲ್ಲಷ್ಟು ಬಿಗಿದ ಕೂಡಲೇ ಎತ್ತಿ ತೆಗೆಯಬೇಕು. ಮನೆಯ ಮೇಜಿನ ಮೇಲಿನ ಪ್ಲಾಸ್ಟರು ಹೊಸತಾಗಿದ್ದರೆ ಅದು ಒಂದು ಗಂಟೆಯೊಳಗೇ ಆದೀತು, ಮಳೆಗಾಲವಾದರೆ ಮೂರು ಗಂಟೆಯೂ ಹಿಡಿದೀತು. ಗಡಿಯಾರಕ್ಕಿಂತ ಬೆರಳೇ ಇಲ್ಲಿ ಪ್ರಮಾಣ. ಕುಳಿಯಚ್ಚಿನಲ್ಲಿ ಈ ಭಯವಿಲ್ಲ. ಅಲ್ಲಿ ಬೋಗುಣಿ ಒಳಗಿದೆ, ಅಚ್ಚು ಹೊರಗಿದೆ. ಕುಗ್ಗಿದಷ್ಟೂ ಅದು ಅಚ್ಚಿನಿಂದ ದೂರ ಸರಿದು ಸಡಿಲವಾಗುತ್ತದೆ. ಕಾರ್ಖಾನೆಗಳು ಬೋಗುಣಿಗೆ ಕುಳಿಯಚ್ಚನ್ನೇ ಬಹುವಾಗಿ ಬಳಸುವುದಕ್ಕೆ ಇದೂ ಒಂದು ಕಾರಣ. ಸುಡುವಾಗ ಕುಗ್ಗುವುದು ಇನ್ನೂ ಬೇರೆ. ಎರಡೂ ಸೇರಿ ನೂರಕ್ಕೆ ಹನ್ನೆರಡಾಗುವ ಮಣ್ಣಿನಲ್ಲಿ ೧೬ ಸೆಂಟಿಮೀಟರಿನ ಬೋಗುಣಿ ಬೇಕಾದರೆ ಹಸಿಯಲ್ಲಿ ೧೮ ಸೆಂಟಿಮೀಟರಿಗೂ ತುಸು ಮಿಕ್ಕು ಇರಬೇಕು. ಅಚ್ಚು ಮಾಡುವ ಮೊದಲೇ ಈ ಲೆಕ್ಕ ಹಾಕದವನು ಅಚ್ಚು ಸವೆಯುವವರೆಗೂ ಸಣ್ಣ ಬೋಗುಣಿಯನ್ನೇ ಮಾಡುತ್ತಿರಬೇಕಾಗುತ್ತದೆ.

ಕುಡಿದ ನೀರನ್ನು ಅಚ್ಚು ಮತ್ತೆ ಬಿಟ್ಟುಕೊಡಬೇಕು, ಇಲ್ಲವಾದರೆ ಮುಂದಿನ ಬೋಗುಣಿ ಅಂಟಿಕೊಳ್ಳುತ್ತದೆ. ಬಿಸಿಲು, ಗಾಳಿ, ಬೀಸಣಿಗೆ ಇವು ಸಾಕು. ಒಲೆಯ ಮೇಲಾಗಲಿ ಕುಲುಮೆಯ ಮೇಲಾಗಲಿ ಇಡಬಾರದು. ಸುಮಾರು ೫೦ ಡಿಗ್ರಿಯನ್ನು ಮೀರಿದ ಶಾಖ ಬಹುಕಾಲ ತಗುಲಿದರೆ ಕಲ್ಲು ಮತ್ತೆ ಪುಡಿಯಾಗುವ ದಾರಿ ಹಿಡಿಯುತ್ತದೆ. ಒಣಗಿದೆಯೇ ಎಂದು ತಿಳಿಯಲು ಕೆನ್ನೆಗೆ ತಾಗಿಸಿ ನೋಡುವುದು ಹಳೆಯ ಉಪಾಯ, ತಣ್ಣಗಿದ್ದರೆ ನೀರಿದೆ. ಅದಕ್ಕಿಂತ ನಿಶ್ಚಯವಾದುದು ತಕ್ಕಡಿ. ಒಂದು ಕಿಲೋಗ್ರಾಂ ಪುಡಿ, ೭೦೦ ಗ್ರಾಂ ನೀರಿನ ಹಸಿಯ ಅಚ್ಚು ೧,೭೦೦ ಗ್ರಾಂ ತೂಗುತ್ತದೆ. ಪೂರ್ಣವಾಗಿ ಒಣಗಿದಾಗ ಸುಮಾರು ೧,೧೯೦ ಗ್ರಾಂ. ಆ ಒಣತೂಕವನ್ನು ಸೀಸದಕಡ್ಡಿಯಿಂದ ಅಚ್ಚಿನ ಬೆನ್ನ ಮೇಲೆಯೇ ಬರೆದಿಟ್ಟರೆ ಎಂದಾದರೂ ತೂಗಿ ನೋಡಿ ಅದರೊಳಗೆಷ್ಟು ನೀರಿದೆಯೆಂದು ಹೇಳಬಹುದು.

ಆರಂಭದಲ್ಲಿ ಹೇಳಿದ ಅಪಾಯಕ್ಕೆ ಈಗ ಬರಬೇಕು. ಉತ್ತರ ಕರ್ನಾಟಕದ ಎರೆಯ ನೆಲದಲ್ಲಿ ಸುಣ್ಣದ ಹರಳುಗಳು ಇರುವುದು ರೈತರಿಗೆ ತಿಳಿದ ವಿಷಯ. ಅಂಥ ಹರಳು ಮಡಕೆಯ ಮಣ್ಣಿನಲ್ಲಿ ಉಳಿದರೆ ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಮಡಕೆ ಹೊರಗೆ ಬಂದ ಮೇಲೆ ಗಾಳಿಯ ತೇವವನ್ನು ಹೀರಿ ಅರಳುತ್ತದೆ. ಅರಳುವಾಗ ಮೇಲಿನ ಮಣ್ಣಿನ ಚಕ್ಕೆಯನ್ನು ಎಬ್ಬಿಸುತ್ತದೆ. ಪ್ಲಾಸ್ಟರೂ ಸುಣ್ಣದ ವಂಶದ್ದೇ. ಗಂಧಕಾಮ್ಲದೊಡನೆ ಕೂಡಿದ ಸುಣ್ಣವದು. ಅದರ ಚೂರು ಬೋಗುಣಿಯ ಗೋಡೆಯಲ್ಲಿದ್ದರೆ ನಡೆಯುವುದು ಇದೇ ಬಗೆಯ ಕೇಡು. ಮಡಕೆಯನ್ನು ಕೊಳ್ಳುವಾಗ ಬೆರಳಿನಿಂದ ತಟ್ಟಿ ನಾದವನ್ನು ಕೇಳುವ ಪದ್ಧತಿ ಮನೆಮನೆಯಲ್ಲಿತ್ತು. ಕುಂಬಾರ ಗುಂಡಯ್ಯನು ಮಡಕೆಯನ್ನು ಬಾರಿಸಿದಾಗ ಶಿವನೇ ಕುಣಿದನೆಂಬ ಹರಿಹರನ ರಗಳೆಯ ಕಥೆಯನ್ನು ಕೇಳಿ ಬೆಳೆದ ನಾಡಿಗೆ, ಒಳ್ಳೆಯ ಮಡಕೆ ನುಡಿಯುತ್ತದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಬಿರುಕಿದ್ದರೆ ನಾದ ಒಡೆಯುತ್ತದೆ. ಆದರೆ ಒಳಗಡಗಿದ ಪ್ಲಾಸ್ಟರಿನ ಹರಳು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಬೋಗುಣಿ ಅಂದು ಚೆನ್ನಾಗಿಯೇ ನುಡಿಯುತ್ತದೆ. ಸಿಡಿಯುವುದು ವಾರಗಳ ಮೇಲೆ, ಕೊಂಡವರ ಮನೆಯಲ್ಲಿ. ಉಣ್ಣುವ ಪಾತ್ರೆಯಿಂದ ಚಕ್ಕೆ ಎದ್ದಾಗ ಮಾಡಿದವನ ಮೇಲಿನ ನಂಬಿಕೆಯೂ ಅದರೊಡನೆ ಹೋಗುತ್ತದೆ.

ಆದಕಾರಣ ಅನುಭವಸ್ಥರು ಪ್ಲಾಸ್ಟರಿಗೂ ಮಣ್ಣಿಗೂ ನಡುವೆ ಮಡಿಯನ್ನೇ ಆಚರಿಸುತ್ತಾರೆ ಎನ್ನಬಹುದು. ಪ್ಲಾಸ್ಟರು ಕಲಸಿದ ಬಕೆಟ್ಟು, ಕಡ್ಡಿ, ಅರಿವೆ ಬೇರೆ, ಮಣ್ಣಿನವು ಬೇರೆ. ಅಚ್ಚಿನ ಅಂಚುಗಳೇ ಮೊದಲು ಮುಕ್ಕಾಗುವುದರಿಂದ ಅವುಗಳನ್ನು ಹಸಿಯಿರುವಾಗಲೇ ದುಂಡಗೆ ಹೆರೆದಿಡುತ್ತಾರೆ. ಕೆತ್ತಿದ ಮಣ್ಣನ್ನು ನೆನೆಸಿ ಮತ್ತೆ ಬಳಸಲು ಪ್ಲಾಸ್ಟರಿನ ಹಾಸಿನ ಮೇಲೆ ಹರವಿ ಹದ ಮಾಡುವುದು ಮನೆಯ ಕುಂಬಾರಶಾಲೆಗಳಲ್ಲಿ ಸಾಮಾನ್ಯ. ಅದನ್ನು ಎತ್ತಲು ಕಬ್ಬಿಣದ ಹೆರೆಗತ್ತಿಯನ್ನು ಎಂದೂ ಹಾಕುವುದಿಲ್ಲ; ಹದವಾದ ಮಣ್ಣು ತಾನಾಗಿ ಸುರುಳಿಯಾಗಿ ಏಳುತ್ತದೆ, ಏಳದಿದ್ದರೆ ಮರದ ತುಂಡು ಸಾಕು. ಹಾಸಿನ ಮೇಲೆ ಮಣ್ಣನ್ನು ಬಡಿದು ನಾದುವವರು ಅದರ ಮೇಲೆ ದಪ್ಪ ಬಟ್ಟೆಯನ್ನು ಹೊದಿಸುತ್ತಾರೆ. ಅಚ್ಚು ಎರೆಯುವಾಗ ಸುತ್ತ ಕಟ್ಟಿದ ಮಣ್ಣಿನ ಕಟ್ಟೆ, ಸುಲಿದು 
ತೆಗೆದ ಮೊದಲ ಬೋಗುಣಿಯ ಮಣ್ಣು, ಇವೆರಡೂ ಮತ್ತೆಂದೂ ತಿಗುರಿಗೆ ಬರಬಾರದು. ಒಳ್ಳೆಯ ಮಣ್ಣು ಹಾಳಾಯಿತಲ್ಲ ಎಂದು ಮರುಗಿ ಅದನ್ನು ತೊಟ್ಟಿಗೆ ಸೇರಿಸಿದರೆ ತೊಟ್ಟಿಯ ಮಣ್ಣೆಲ್ಲ ಸಂದೇಹಾಸ್ಪದವಾಗುತ್ತದೆ. ಯಾವ ಬೋಗುಣಿಯಲ್ಲಿ ಹರಳಿದೆ ಎಂದು ಯಾರೂ ಹೇಳಲಾರರು. ಮಿತವ್ಯಯವು ಗುಣವೇ ಸರಿ, ಇಲ್ಲಿ ಮಾತ್ರ ದೋಷ.

ಇನ್ನು ಮನುಷ್ಯನ ಮೈಗೆ ಸಂಬಂಧಿಸಿದ ಮಾತು. ಶಾಲೆಗಳಲ್ಲಿ ಕೈಕೆಲಸ ಕಲಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ಲಾಸ್ಟರು ಗಟ್ಟಿಯಾಗುವಾಗ ಹೊರಡುವ ಬಿಸಿ ದೊಡ್ಡ ಮುದ್ದೆಯಲ್ಲಿ ೬೦ ಡಿಗ್ರಿಯವರೆಗೂ ಏರಬಲ್ಲದು. ೨೦೦೭ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯ ಕಲೆಯ ತರಗತಿಯಲ್ಲಿ ಹದಿನಾರು ವಯಸ್ಸಿನ ವಿದ್ಯಾರ್ಥಿನಿಯೊಬ್ಬಳು ತನ್ನ ಕೈಗಳ ಪಡಿಯಚ್ಚನ್ನು ಪಡೆಯಲೆಂದು ಬಕೆಟ್ಟಿನ ಪ್ಲಾಸ್ಟರಿನಲ್ಲಿ ಕೈಗಳನ್ನು ಮುಳುಗಿಸಿದಳು. ಅದು ಬಿಗಿದು ಬಿಸಿಯೇರಿದಾಗ ಕೈಗಳನ್ನು ಹೊರತೆಗೆಯಲಾಗಲಿಲ್ಲ. ಆ ಹುಡುಗಿ ತನ್ನ ಬೆರಳುಗಳಲ್ಲಿ ಎಂಟನ್ನು ಕಳೆದುಕೊಂಡಳು. ಪ್ಲಾಸ್ಟರಿನಲ್ಲಿ ಯಾರ ಕೈಯನ್ನೂ, ಯಾವ ಅಂಗವನ್ನೂ ಹುದುಗಿಸಿ ಅಚ್ಚು ತೆಗೆಯಕೂಡದು ಎಂಬ ನಿಯಮಕ್ಕೆ ಅಪವಾದವಿಲ್ಲ. ಪುಡಿ ಉದುರಿಸುವಾಗ ಮೂಗಿಗೆ ಬಟ್ಟೆಯಲ್ಲ, ಧೂಳು ತಡೆಯುವ ಮುಸುಕು ಬೇಕು. ಒಣಮಣ್ಣಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೇಡಾದ ಸಿಲಿಕಾ ಇರುವುದರಿಂದ ಕೋಣೆಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೈತೊಳೆದ ನೀರಿಗೂ ಒಂದು ನಿಯಮ. ಪ್ಲಾಸ್ಟರು ಗಟ್ಟಿಯಾಗಲು ಗಾಳಿ ಬೇಡ, ನೀರಿನೊಳಗೂ ಅದು ಗಟ್ಟಿಯಾಗುತ್ತದೆ. ಬಚ್ಚಲ ಕೊಳವೆಯಲ್ಲಿ ಸುರಿದುದು ಕೊಳವೆಯ ಆಕಾರದ ಅಚ್ಚಾಗಿ ಅಲ್ಲಿಯೇ ನಿಲ್ಲುತ್ತದೆ. ಬಕೆಟ್ಟಿನಲ್ಲಿಯೇ ಕೈ, ಪಾತ್ರೆಗಳನ್ನು ತೊಳೆದು, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಅಂಗಳಕ್ಕೆ ಚೆಲ್ಲಿ, ಅಡಿಯಲ್ಲಿ ನಿಂತ ಬಿಲ್ಲೆಯನ್ನು ಒಣಕಸಕ್ಕೆ ಹಾಕುವುದು ರೂಢಿ.

ಅಚ್ಚಿಗೂ ಆಯುಷ್ಯವುಂಟು. ಜಿಪ್ಸಂ ನೀರಿನಲ್ಲಿ ಅತ್ಯಲ್ಪವಾಗಿ, ಒಂದು ಲೀಟರಿಗೆ ಎರಡು ಗ್ರಾಮಿನಷ್ಟು ಕರಗುತ್ತದೆ. ಪ್ರತಿಯೊಂದು ಬೋಗುಣಿಯೂ ಅಚ್ಚಿನ ಮೈಯಿಂದ ಕಾಣದಷ್ಟನ್ನು ಒಯ್ಯುತ್ತದೆ. ನೀರುಮಣ್ಣನ್ನು ಎರೆಯುವ ಕಾರ್ಖಾನೆಗಳ ಅಚ್ಚು ನೂರರ ಆಸುಪಾಸಿನ ಎರಕಗಳಿಗೆ ಸವೆಯುತ್ತದೆ. ತಿಂಗಳಿಗೆ ಹತ್ತು ಬೋಗುಣಿ ಮಾಡುವ ಮನೆಯಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಮೈ ಗರಗರನಾಗಿ ಅಂಚು ಉದುರತೊಡಗಿದ ದಿನ ಅದನ್ನು ಕೆಲಸದಿಂದ ಬಿಡಿಸಬೇಕು, ಏಕೆಂದರೆ ಉದುರುವ ಅಚ್ಚೇ ಮಣ್ಣಿಗೆ ಹರಳನ್ನು ಬಿಡುವ ಅಚ್ಚು. ಅದನ್ನು ಒಡೆಯುವುದಾದರೂ ಕುಂಬಾರಿಕೆಯ ಕೋಣೆಯಲ್ಲಲ್ಲ, ಮಣ್ಣಿನ ತೊಟ್ಟಿಯಿಂದ ದೂರದಲ್ಲಿ, ಹೊರಗೆ. ಶೇಂಗಾ ಬೆಳೆಯುವ ರೈತರು ಕಾಯಿ ಕಟ್ಟುವ ಕಾಲಕ್ಕೆ ಹೊಲಕ್ಕೆ ಜಿಪ್ಸಂ ಹಾಕುತ್ತಾರೆ. ಚೌಳು ನೆಲವನ್ನು ತಿದ್ದಲೂ ಅದನ್ನೇ ಬಳಸುತ್ತಾರೆ. ಬೇರೇನೂ ಬೆರೆಯದ ಹಳೆಯ ಅಚ್ಚಿನ ಪುಡಿಯೂ ಅದೇ ವಸ್ತು. ಬೋಗುಣಿಯ ಮಣ್ಣಿಗೆ ಸೇರಬಾರದ ಆ ಬಿಳಿಯ ಪುಡಿಗೆ ಹೊಲದ ಮಣ್ಣಿನಲ್ಲಿ ಅಡ್ಡಿಯಿಲ್ಲ.